ಒಡದ ಹಾಲು, ಉಳದ ಪನೀರ್

ಹೋದ ತಿಂಗಳ ಒಂದು ಶುಕ್ರವಾರ. ನಾ ದೇವರ ಮುಂದ ದೀಪಾ ಹಚ್ಚಿ ಅಡಗಿಮನಿಗೆ ಬರೂದಕ್ಕೂ, ನಮ್ಮ ಸೊಸಿ ಕುದಿಯೂ ಹಾಲಿಗೆ ಲಿಂಬಿಹಣ್ಣು ಹಿಂಡೂದಕ್ಕೂ ಸರಿಹೋತು. ಎರಡು ಲೀಟರ್ ಚೊಲೊ ಹಾಲು. ನನ್ನ ಕಣ್ಣ ಮುಂದ ನೀರು ಬ್ಯಾರೆ, ಗಟ್ಟಿ ಬ್ಯಾರೆ ಆತು.

"ಅಲ್ಲವಾ, ಶುಕ್ರವಾರ ದಿನ ಕೈಯಾರ ಹಾಲು ಒಡಸ್ತೀಯಲ್ಲ, ಇದು ಮನಿಗೆ ಚೊಲೊ ಏನು?" ಅಂದುಬಿಟ್ಟೆ.

"ಪನೀರ್ ಮಾಡಾಕತ್ತೀನ್ರಿ ಅತ್ತಿ, ಅಂಗಡ್ಯಾಗಿಂದಕ್ಕಿಂತ ಮನ್ಯಾಗಿಂದ ಛಲೋ ಅಲ್ಲೇನ್ರಿ" ಅಂತ ಮೆಲ್ಲಕ ಅಂದ್ಲು. ಆಮ್ಯಾಲ ಮಾತಾಡಲಿಲ್ಲ. ಅರ್ಧ ಪಲ್ಯಕ್ಕ ಹಾಕಿದ್ಲು, ಉಳದ ಅರ್ಧ ಡಬ್ಬಿಗೆ ಹಾಕಿ ಫ್ರಿಜ್‌ನ್ಯಾಗ ಇಟ್ಲು. ಶನಿವಾರ ಯಾರೂ ಮುಟ್ಟಲಿಲ್ಲ, ಐತ್ವಾರನೂ ಮುಟ್ಟಲಿಲ್ಲ. ಫ್ರಿಜ್ ತಗದಾಗೊಮ್ಮೆ ಆ ಡಬ್ಬಿ ನನ್ನ ನೋಡ್ತಿತ್ತು. ಅಕಿ ಮುಟ್ಟಲಿಲ್ಲ ಯಾಕಂದ್ರ ನಾ ಅಂದಿದ್ದೆ. ನಾ ಮುಟ್ಟಲಿಲ್ಲ ಯಾಕಂದ್ರ ಅಂದದ್ದು ತಪ್ಪು ಅಂತ ಒಳಗ ಚುಚ್ಚಾಕತ್ತಿತ್ತು.

ಯಾಕಂದ್ರ ಆ ಮಾತು ನಂದಲ್ಲ. ಅದು ನಮ್ಮ ಅತ್ತಿದು.

ನಾ 1988ರಾಗ ಲಗ್ನಾಗಿ ಈ ಮನಿಗೆ ಬಂದಾಗ ನಂಗ ಹತ್ತೊಂಬತ್ತು ವರ್ಷ. ಪಿಯುಸಿ ಮುಗಿಸಿದ್ದೆ, ಅಡಗಿ ಅಷ್ಟಕ್ಕಷ್ಟ. ಬಂದು ತಿಂಗಳಾಗಿರಲಿಲ್ಲ, ಬ್ಯಾಸಗಿ ದಿನ, ಬೀಗರು ಬರೂವರಿದ್ರು. ಮನಿ ಎಮ್ಮಿ ಹಾಲು ಬೋಗಾಣಿ ತುಂಬ ಒಲಿ ಮ್ಯಾಲ ಇಟ್ಟೆ. ಕುದಿ ಬಂದ ಕೂಡಲೇ ಒಡದು ಹೋತು. ಅತ್ತಿ ಬಂದು ನೋಡಿದ್ರು. "ಹೊಸಾ ಸೊಸಿ ಕೈಯಾಗ ಹಾಲು ಒಡದ್ರ ಮನಿಗೆ ಚೊಲೊ ಏನು?" ಅಂದ್ರು. ನನ್ನ ಕೈಕಾಲು ತಣ್ಣಗಾದುವು.

ನಮ್ಮ ಅತ್ತಿ ತಂಗಿ ಒಬ್ಬರು ಇದ್ದರು. ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡು ಅಕ್ಕನ ಮನ್ಯಾಗ ಇದ್ದರು. ಮನಿಯವರೆಲ್ಲಾ ಚಿಗವ್ವ ಅಂತಿದ್ರು, ನಾನೂ ಹಂಗ ಕರೀತಿದ್ದೆ. ಅವರು ಹಿತ್ತಲದಿಂದ ಒಳಗ ಬಂದು, "ಅಕ್ಕಾ, ಅಕಿನ್ನ ಯಾಕ ಅಂತಿ, ಬೋಗಾಣಿ ತೊಳದಾಕಿ ನಾನು. ನಿನ್ನಿ ಮಜ್ಜಿಗಿ ತಳಕ್ಕ ಅಂಟಿತ್ತೇನೋ, ನಂಗ ಕಾಣಲಿಲ್ಲ" ಅಂದ್ರು. ಬೋಗಾಣಿ ತೊಳದಾಕಿ ನಾನು. ಅದು ಅವರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು.

ಅತ್ತಿ ಆ ಹಾಲು ಚೆಲ್ಲಂದ್ರು. ಚಿಗವ್ವ ಹೂಂ ಅಂದು ಬೋಗಾಣಿ ಎತ್ತಿಕೊಂಡು ಹಿತ್ತಲಕ್ಕ ಹೋದ್ರು, ಚೆಲ್ಲಲಿಲ್ಲ. ಸಂಜಿಗೆ ಬೀಗರ ಮುಂದ ಒಂದು ತಾಟಿನ್ಯಾಗ ಕೆಂಪನ್ನ ಸಣ್ಣ ಉಂಡಿ ಬಂದ್ವು, ಬೆಲ್ಲದ ಪಾಕದಾಗ ಅದ್ದಿದ್ದು. ಎಲ್ಲಾರೂ ಬೇಡಿ ಬೇಡಿ ತಿಂದ್ರು. ಏನು ಅಂತ ಕೇಳಿದ್ರ ಚಿಗವ್ವ "ಏನರ ಒಂದು" ಅಂದು ನಕ್ಕರು.

ಇದನ್ನೆಲ್ಲಾ ನಾ ಮರತಿರಲಿಲ್ಲ. ಆದ್ರೂ ಮೂವತ್ತೇಳು ವರ್ಷದ ಮ್ಯಾಲ ನನ್ನ ಬಾಯಾಗ ಚಿಗವ್ವನ ಮಾತು ಬರಲಿಲ್ಲ, ಅತ್ತಿ ಮಾತು ಬಂತು. ಅದಕ್ಕ ಈ ಹಾಲು ಒಡಿಯೂದು ಅಪಶಕುನ ಯಾವಾಗ ಆತು, ಯಾರು ಮಾಡಿದ್ರು ಅಂತ ಹುಡುಕಬೇಕು ಅನ್ನಿಸ್ತು. ತಿಳಿದಷ್ಟು ನಿಮಗೂ ಹೇಳ್ತೀನಿ.

ಮೊದಲು ಹಾಲು ಯಾಕ ಒಡೀತೈತಿ ಅಂತ ನೋಡೋಣ. ಹಾಲಿನ್ಯಾಗ ಕೇಸಿನ್ ಅನ್ನೂ ಪ್ರೋಟೀನ್ ಐತಿ. ಅದು ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಉಂಡಿಯಾಗಿ ನೀರಿನ್ಯಾಗ ತೇಲ್ತಿರ್ತೈತಿ. ಒಂದಕ್ಕೊಂದು ಅಂಟಿಕೊಳ್ಳೂದಿಲ್ಲ, ಅದಕ್ಕ ಹಾಲು ಬೆಳ್ಳಗ, ತೆಳ್ಳಗ ಇರ್ತೈತಿ. ಹುಳಿ ಬಿದ್ರ ಆ ಉಂಡಿಗಳು ದೂರ ಇರೂ ಶಕ್ತಿ ಕಳಕೊಂಡು ಒಂದಕ್ಕೊಂದು ಅಂಟ್ತಾವು. ಲಿಂಬಿಹಣ್ಣಿನ ಹುಳಿಯಾದ್ರೂ ಅಷ್ಟ, ಮಜ್ಜಿಗಿ ಹುಳಿಯಾದ್ರೂ ಅಷ್ಟ, ಬ್ಯಾಸಗ್ಯಾಗ ತಾನ ಬೆಳೆಯೂ ಸೂಕ್ಷ್ಮಜೀವಿ ಮಾಡಿದ ಹುಳಿಯಾದ್ರೂ ಅಷ್ಟ. ತಣ್ಣಗಿದ್ದಾಗ ಸ್ವಲ್ಪ ಹುಳಿ ತಡಕೊಂಡ ಹಾಲು ಬಿಸಿ ಆದ ಕೂಡಲೇ ಒಡೀತೈತಿ. ಅದಕ್ಕ ನಮಗ ಒಲಿ ಮುಂದನ ಗೊತ್ತಾಗೂದು. ಇದರಾಗ ಯಾವ ಸೊಸಿ ಕಾಲ್ಗುಣನೂ ಇಲ್ಲ, ಯಾವ ವಾರದ ದೋಷನೂ ಇಲ್ಲ.

ನಮ್ಮ ಓಣ್ಯಾಗ ನಿವೃತ್ತ ಸಂಸ್ಕೃತ ಮಾಸ್ತರೊಬ್ಬರು ಅದಾರ. ಅವರ ಮನಿಯವರು ನಂಗ ಗೆಳತಿ. "ಹಾಲು ಒಡಸೂದು ಶಾಸ್ತ್ರಕ್ಕ ವಿರುದ್ಧ ಏನ್ರಿ ಸರ?" ಅಂತ ಕೇಳಿದೆ. ಮಾಸ್ತರು ನಕ್ಕು, "ತಂಗೀ, ವೇದದ ಕಾಲದಾಗ ದೇವರಿಗೇ ಒಡದ ಹಾಲು ಕೊಡ್ತಿದ್ರು" ಅಂದ್ರು. ನಾ ಬಾಯಿ ತಕ್ಕೊಂಡು ಕೂತೆ.

ಅವರು ಹೇಳಿದ್ದು ಹಿಂಗ. ಹಿಂದಕ ಚಾತುರ್ಮಾಸ್ಯ ಅಂತ ಯಜ್ಞ ಇದ್ದುವು, ಋತು ಬದಲಾದಾಗ ಮಾಡೂವಂಥವು. ಅದರಾಗ ಮೊದಲನೇದು ವೈಶ್ವದೇವ. ಅದಕ್ಕ ಕಾಯಿಸಿದ ಹಾಲಿಗೆ ಹುಳಿ ಮಸರು ಹಾಕಿ ಒಡಸ್ತಿದ್ರು. ಗಟ್ಟಿ ಭಾಗಕ್ಕ ಆಮಿಕ್ಷಾ ಅಂತ ಹೆಸರು, ತಿಳಿನೀರಿಗೆ ವಾಜಿನ ಅಂತ ಹೆಸರು. ಆಮಿಕ್ಷಾ ವಿಶ್ವೇದೇವರಿಗೆ, ವಾಜಿನ ವಾಜಿನರು ಅನ್ನೂ ಬ್ಯಾರೆ ದೇವತೆಗಳಿಗೆ. ನೀರನ್ನೂ ಚೆಲ್ತಿರಲಿಲ್ಲ ನೋಡ್ರಿ.

ಇನ್ನೊಂದು ಮಾತು ಹೇಳಿದ್ರು, ಅದು ನಂಗ ಭಾಳ ಸೇರ್ತು. ಮೀಮಾಂಸಾ ಶಾಸ್ತ್ರದ ಪಂಡಿತರು ಇದರ ಮ್ಯಾಲ ಒಂದು ದೊಡ್ಡ ಚರ್ಚಾನೇ ಮಾಡ್ಯಾರಂತ. ಹಾಲಿಗೆ ಮಸರು ಹಾಕೂದು ಯಾತಕ್ಕ, ಗಟ್ಟಿ ಸಲುವಾಗಿನೋ, ನೀರಿನ ಸಲುವಾಗಿನೋ, ಎರಡೂ ಸಲುವಾಗಿನೋ? ಕೊನೀಗೆ, ಗಟ್ಟಿ ಸಲುವಾಗಿನೇ ಹಾಲು ಒಡಸೂದು, ನೀರು ಅದರ ಬೆನ್ನಿಗೆ ತಾನ ಬರೂವಂಥದ್ದು ಅಂತ ತೀರ್ಮಾನ ಮಾಡಿದ್ರಂತ. ಪನೀರ್ ಮಾಡಿ ಆ ನೀರು ಏನು ಮಾಡ್ಲಿ ಅಂತ ನಾವು ಅಡಗಿಮನ್ಯಾಗ ನಿಂತು ಯೋಚನಿ ಮಾಡೂದನ್ನ ಅವರು ಶಾಸ್ತ್ರ ಮಾಡಿ ಬರದಿಟ್ಟಾರ.

ಅಲ್ಲಿಗೆ ಒಂದು ಗಂಟು ಬಿಚ್ಚಿತು. ಆದ್ರ ಅದು ಯಜ್ಞದ ಮಾತಾತು. ಊಟದ ಮಾತು ಏನು? ಅದೂ ನಮ್ಮ ಕರ್ನಾಟಕದ್ದು?

ನನ್ನ ಮಗಳು ಲೈಬ್ರರಿಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದ್ಲು. ಕೆ. ಟಿ. ಅಚಯ ಅನ್ನೂವರು ಬರದದ್ದು, 'ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್' ಅಂತ, 1994ರಾಗ ಬಂದದ್ದು. ಅಚಯ ಅವರು ಕೊಳ್ಳೇಗಾಲದಾಗ ಹುಟ್ಟಿದವರು, ಆಹಾರ ವಿಜ್ಞಾನಿ. ಭಾರತದ ಊಟದ ಇತಿಹಾಸಕ್ಕ ಅವರ ಪುಸ್ತಕ ಬುನಾದಿ ಇದ್ದಂಗ. ಮಗಳು ಓದಿ ಹೇಳ್ತಾ ಹೋದ್ಲು, ನಾ ಶೇಂಗಾ ಒಡಕೋತ ಕೇಳ್ತಾ ಕೂತೆ. ಅದರಾಗ ನಮ್ಮ ಕಲ್ಯಾಣ ಬಂತು.

ಕಲ್ಯಾಣ ಅಂದ್ರ ಈಗಿನ ಬೀದರ ಜಿಲ್ಲಾದ ಬಸವಕಲ್ಯಾಣ. ಬಸವಣ್ಣನವರು ಅಲ್ಲಿ ಹೆಸರಾಗೂಕಿಂತ ಸ್ವಲ್ಪ ಮೊದಲು, 1126ರಿಂದ 1138ರ ತನಕ ಅಲ್ಲಿ ಮೂರನೇ ಸೋಮೇಶ್ವರ ಅನ್ನೂ ಚಾಲುಕ್ಯ ರಾಜಾ ಆಳಿದ. ವಿಕ್ರಮಾದಿತ್ಯನ ಮಗ. ಯುದ್ಧಕ್ಕಿಂತ ಪುಸ್ತಕದಿಂದ ಹೆಸರಾದಾಂವ. ಸುಮಾರು 1129ರ ಹೊತ್ತಿಗೆ 'ಮಾನಸೋಲ್ಲಾಸ' ಅನ್ನೂ ಸಂಸ್ಕೃತ ಗ್ರಂಥ ಬರದ, ಇಲ್ಲಾ ಬರಸಿದ. ಐದು ಭಾಗ, ಒಂದೊಂದರಾಗ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಆಳೂದು, ಆನಿ ಪಳಗಿಸೂದು, ಮನಿ ಕಟ್ಟೂದು, ಹಾಡು, ಕುಣಿತ, ಆಟ, ಹಂಗ ಊಟನೂ. ಅನ್ನಭೋಗ ಅಂತ ಅಡಗಿದೇ ಒಂದು ಅಧ್ಯಾಯ ಐತಿ. ನಮ್ಮ ಇಡ್ಲಿಯಂಥದ್ದು, ದೋಸೆಯಂಥದ್ದು, ಮಸರಿನ್ಯಾಗ ನೆನಸಿದ ವಡೆ ಎಲ್ಲಾ ಅಲ್ಲಿ ಅದಾವು. ಆಗಿನ ಇಡ್ಲಿಗೆ ಅಕ್ಕಿ ಇರಲಿಲ್ಲ, ಬರೇ ಉದ್ದಿನಬ್ಯಾಳಿ.

ಆ ಊಟದ ನಡುವ ಒಂದು ಹಾಲಿನ ಸಿಹಿ ಐತಿ. ಕಾಯಿಸಿದ ಹಾಲಿಗೆ ಹುಳಿ ಹಾಕಿ ಒಡಸೂದು. ಅರಿವ್ಯಾಗ ಸೋಸಿ ನೀರು ತಗಿಯೂದು. ಉಳದ ಗಟ್ಟಿಗೆ ಅಕ್ಕಿಹಿಟ್ಟು ಕಲಸಿ ನಾದೂದು. ಬ್ಯಾರೆ ಬ್ಯಾರೆ ಆಕಾರ ಮಾಡಿ ತುಪ್ಪದಾಗ ಕರದು ಸಕ್ಕರಿ ಹಚ್ಚೂದು.

ಮಗಳು ಇದನ್ನ ಓದಿದಾಗ ನನ್ನ ಕೈಯಾಗಿನ ಶೇಂಗಾ ಅಲ್ಲೇ ನಿಂತು. "ಇನ್ನೊಮ್ಮೆ ಓದವಾ" ಅಂದೆ. ಚಿಗವ್ವ ಹಿತ್ತಲದಾಗ ಮಾಡಿದ್ದು ಇದನ್ನ. ಹಳೇ ಧೋತರದ ತುಂಡಿನ್ಯಾಗ ಸೋಸಿದ್ರು. ಅಕ್ಕಿಹಿಟ್ಟಿರಲಿಲ್ಲ, ಜ್ವಾಳದ ಹಿಟ್ಟು ಒಂದು ಹಿಡಿ ಹಾಕಿದ್ರು. ತುಪ್ಪ ಇರಲಿಲ್ಲ, ಶೇಂಗಾ ಎಣ್ಣಿ. ಸಕ್ಕರಿ ಇರಲಿಲ್ಲ, ಬೆಲ್ಲ. ಕಲ್ಯಾಣದ ಅರಮನಿ ಅಡಗಿ ನಮ್ಮ ಹಿತ್ತಲ ತನಕ ನಡಕೊಂಡು ಬಂತು ಅಂತ ನಾ ಹೇಳೂದಿಲ್ಲ, ಹಂಗ ಹೇಳಾಕ ನನ್ನ ಕಡೆ ಏನೂ ಪುರಾವೆ ಇಲ್ಲ. ಒಡದ ಹಾಲು, ಹಿಟ್ಟು, ಎಣ್ಣಿ, ಬೆಲ್ಲ ಎದುರಿಗಿದ್ದು, ಚೆಲ್ಲಾಕ ಮನಸ್ಸು ಬರದಿದ್ರ ಯಾರಿಗಾದ್ರೂ ಹೊಳಿಯೂ ಅಡಗಿ ಅದು. ಅರಮನ್ಯಾಗ ಹೊಳದದ್ದನ್ನ ಬರದಿಟ್ಟರು. ಹಿತ್ತಲದಾಗ ಹೊಳದದ್ದಕ್ಕ "ಏನರ ಒಂದು" ಅಂತ ಹೆಸರಾತು.

ಹಂಗಾದ್ರ ನಮ್ಮ ಕಡೆ ಇದು ಯಾಕ ಬೆಳೀಲಿಲ್ಲ? ನಂಗ ಅನ್ನಿಸಿದ್ದು ಹೇಳ್ತೀನಿ. ಹಾಲು ಹೆಚ್ಚಾದ್ರ ಉಳಸಾಕ ಎರಡು ದಾರಿ. ಒಂದು ಒಡಸೂದು, ಇನ್ನೊಂದು ಬತ್ತಿಸೂದು. ನಮ್ಮ ಧಾರವಾಡ-ಬೆಳಗಾವಿ ಕಡೆಯವರು ಬತ್ತಿಸೂ ದಾರಿ ಹಿಡದ್ರು. ಬಾಸುಂದಿ ಮಾಡಿದ್ರ ಬತ್ತಿಸಬೇಕು, ಬೆಳಗಾವಿ ಕುಂದಾಕ್ಕ ಬತ್ತಿಸಬೇಕು. ಧಾರವಾಡ ಪೇಡೆಕ್ಕಂತೂ ಹಾಲು ಬತ್ತಿಸಿ ಖವಾ ಮಾಡಿ, ಮತ್ತ ಅದನ್ನ ಕಂದಾಗೂ ತನಕ ಹುರೀಬೇಕು. ಆ ಪೇಡೆನೂ ಇಲ್ಲೀದಲ್ಲ. ಉತ್ತರಪ್ರದೇಶದ ಉನ್ನಾವ್ ಕಡಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ ಮನೆತನದವರು ತಂದ ಕಸಬು ಅದು. ಆದ್ರ ಹಾಲು ಇಲ್ಲೀದು. ಸುತ್ತಲಿನ ಗೌಳಿಗರು ಸಾಕಿದ ಎಮ್ಮಿ ಹಾಲು, ಗಟ್ಟಿ ಹಾಲು, ಬತ್ತಿಸಾಕ ಹೇಳಿ ಮಾಡಿಸಿದ್ದು. ಈಚೀಗೆ ಧಾರವಾಡಿ ಎಮ್ಮಿಗೆ ದೇಶದ ತಳಿಗಳ ಪಟ್ಟ್ಯಾಗ ಜಾಗಾನೂ ಸಿಕ್ಕೈತಿ.

ಬತ್ತಿಸೂದು ಕೆಲಸ ಅನ್ನಿಸ್ಕೊಂತು, ಒಡಿಯೂದು ತಪ್ಪು ಅನ್ನಿಸ್ಕೊಂತು. ವಿಚಿತ್ರ ಏನಂದ್ರ, ಎಮ್ಮಿ ಈದಾಗ ಗಿಣ್ಣ ಮಾಡ್ತೀವಲ್ಲ, ಅದೂ ಬಿಸಿಗೆ ಗಟ್ಟಿಯಾದ ಹಾಲ! ಅದರಾಗ ಪ್ರೋಟೀನ್ ಜಾಸ್ತಿ, ಹುಳಿ ಇಲ್ಲದನ ಗಟ್ಟಿ ಆಗ್ತೈತಿ. ಗಿಣ್ಣ ಶುಭ, ಓಣಿ ತುಂಬ ಹಂಚ್ತೀವಿ. ಒಡದ ಹಾಲು ಅಶುಭ, ಸೊಸಿ ಮ್ಯಾಲ ಹಾಕ್ತೀವಿ.

ಒಡಸೂ ದಾರಿ ಹಿಡದವರು ಪೂರ್ವದವರು, ಬಂಗಾಳ ಮತ್ತ ಒಡಿಶಾ. ಅವರು ಅದಕ್ಕ ಛೇನಾ ಅಂತಾರ. ಹೂಗ್ಲಿ ನದಿ ದಂಡಿಗೆ ಪೋರ್ಚುಗೀಸರು ಬಂದು ನೆಲಿಸಿದ ಮ್ಯಾಲ, ಅವರು ಚೀಸ್ ಮಾಡೂದು ನೋಡಿ ಬಂಗಾಳದಾಗ ಛೇನಾ ಹೆಚ್ಚಾತು ಅಂತ ಅಚಯ ಅವರು ಬರೀತಾರ. ಎಲ್ಲಾರೂ ಇದನ್ನ ಒಪ್ಪೂದಿಲ್ಲ. ಕೋಲ್ಕತ್ತಾದ ಬಾಗಬಜಾರದಾಗ ನೋಬಿನ್ ಚಂದ್ರ ದಾಸ್ ಅನ್ನೂ ಮಿಠಾಯಿ ವ್ಯಾಪಾರಿ 1868ರಾಗ ಸ್ಪಂಜಿನಂಥ ರಸಗುಲ್ಲಾ ಮಾಡಿದ ಅಂತ ಬಂಗಾಳದವರು ಹೇಳ್ತಾರ. ಅದಕ್ಕೂ ಮೊದಲ ಪುರಿ ಜಗನ್ನಾಥನ ಗುಡ್ಯಾಗ ಇತ್ತು ಅಂತ ಒಡಿಶಾದವರು ಹೇಳ್ತಾರ. ಕೊನೀಗೆ ಬಂಗಾಳದ ರಸಗುಲ್ಲಾಕ್ಕ 2017ರಾಗ ಜಿಐ ಗುರುತು ಸಿಕ್ತು, ಒಡಿಶಾದ್ದಕ್ಕ 2019ರಾಗ ಸಿಕ್ತು. ಒಡದ ಹಾಲು ನಂದು ನಂದು ಅಂತ ಎರಡು ರಾಜ್ಯ ಜಗಳಾಡಿದುವು. ನಾವು ಇಲ್ಲಿ ಚೆಲ್ಲು ಚೆಲ್ಲು ಅಂತ ಜಗಳಾಡಿದ್ವಿ!

ಪನೀರ್ ಅನ್ನೂ ಹೆಸರು ಪಾರ್ಸಿ ಭಾಷಾದ್ದು. ನಮ್ಮ ಕಡೆ ಅದು ಮೊದಲು ಬಂದದ್ದು ಹೋಟೆಲಿಗೆ. ನಮ್ಮ ಆಯಿನ್ನ ಒಮ್ಮೆ ಹುಬ್ಬಳ್ಳಿಯೊಳಗ ಹೋಟೆಲಿಗೆ ಕರಕೊಂಡು ಹೋಗಿದ್ವಿ. ಮಾಣಿ ಪನೀರ್ ಅಂದ ಕೂಡಲೇ, "ಪನ್ನೀರು ಲಗ್ನದಾಗ ಸಿಂಪಡಸ್ತಾರಲ್ಲೋ ತಮ್ಮಾ, ಅದನ್ನ ಪಲ್ಯಕ್ಕೂ ಹಾಕ್ತೀರೇನು?" ಅಂತ ಕೇಳಿದ್ಲು. ಮನಿಗೆ ಪನೀರ್ ಬರಾಕ ಪ್ಯಾಕೆಟ್ ಹಾಲು ಬರಬೇಕಾತು, ಫ್ರಿಜ್ ಬರಬೇಕಾತು. 1970ರಾಗ ದೇಶದಾಗ ಕ್ಷೀರಕ್ರಾಂತಿ ಶುರುವಾತು, ನಮ್ಮ ರಾಜ್ಯದಾಗ 1974ರಿಂದ ಹಳ್ಳಿ ಹಳ್ಳಿಗೆ ಹಾಲಿನ ಸಂಘ ಬಂದುವು, 1984ರಾಗ ಕರ್ನಾಟಕ ಹಾಲು ಮಹಾಮಂಡಳ ಆತು. ಆಮ್ಯಾಲ ನಂದಿನಿ ಹಾಲು, ಮಸರು, ಪೇಡೆ, ಹಂಗ ಪನೀರನೂ ಬಂತು. ಬಣ್ಣದ ಪ್ಯಾಕೆಟಿನ್ಯಾಗ ಬಂದಾಗ ಅದನ್ನ ಯಾರೂ ಒಡದ ಹಾಲು ಅನ್ನಲಿಲ್ಲ. ನಾನೂ ಎಷ್ಟು ಸಲ ತಂದೀನಿ, ಶುಕ್ರವಾರನೂ ತಂದೀನಿ. ನಮ್ಮ ಒಲಿ ಮ್ಯಾಲ, ಸೊಸಿ ಕೈಯಾಗ ಒಡದಾಗಷ್ಟ ನಂಗ ವಾರ ನೆನಪಾತು.

ಇದೆಲ್ಲಾ ತಿಳಕೊಂಡ ಮ್ಯಾಲ, ಮನಿ ಪನೀರ್ ಉಳದ್ರ ನಾ ಏನು ಮಾಡ್ತೀನಿ ಅಂತ ಹೇಳ್ತೀನಿ. ಒಂದು ಲೀಟರ್ ಎಮ್ಮಿ ಹಾಲಿಗೆ ಸುಮಾರು 200 ಗ್ರಾಂ ಸಿಗ್ತೈತಿ, ಆಕಳ ಹಾಲಿಗೆ ಅದಕ್ಕಿಂತ ಕಡಿಮಿ. ಉಳದದ್ದನ್ನ ನೀರಿನ್ಯಾಗ ಮುಳುಗಿಸಿ ಫ್ರಿಜ್‌ನ್ಯಾಗ ಇಡ್ರಿ, ದಿನಾ ನೀರು ಬದಲು ಮಾಡ್ರಿ, ಮೂರು ದಿನದಾಗ ಮುಗಸ್ರಿ. ಲೋಳಿಯಾದ್ರ, ಕೆಟ್ಟ ವಾಸನಿ ಬಂದ್ರ ಮಾತ್ರ ಚೆಲ್ರಿ. ತಾನ ಒಡದ ಹಾಲೂ ಕಹಿಯಾಗಿದ್ರ, ನಾತ ಬಂದ್ರ ಬಳಸಬ್ಯಾಡ್ರಿ.

ಬಿರುಸಾಗಿದ್ರ ಬಿಸಿನೀರಿಗೆ ಚಿಟಿಕಿ ಉಪ್ಪು ಹಾಕಿ ಹತ್ತು ನಿಮಿಷ ನೆನಸ್ರಿ, ಮೆತ್ತಗಾಗ್ತೈತಿ. ಹುಳಿಯಿಂದ ಗಟ್ಟಿಯಾದದ್ದು ಬಿಸಿಗೆ ಕರಗೂದಿಲ್ಲ, ಅದಕ್ಕ ಪುಡಿ ಮಾಡಿ ಹಾಕಿದ್ರೂ ಪುಡಿಯಾಗೇ ಉಳೀತೈತಿ. ಹಂಗಾಗಿ ಮೆಂತೆಪಲ್ಯಕ್ಕ ಬ್ಯಾಳಿ ಬದಲು ಉದುರಿಸಬಹುದು. ಥಾಲಿಪಟ್ಟಿ ಹಿಟ್ಟಿಗೆ ಉಳ್ಳಾಗಡ್ಡಿ, ಕೊತ್ತಂಬರಿ ಜೋಡಿ ಕಲಸಿದ್ರ ಮೆತ್ತಗ ಬರ್ತಾವು. ಹಸಿಮೆಣಸಿನಕಾಯಿ, ಜೀರಗಿ, ಅರಿಷಿಣ ಹಾಕಿ ಒಗ್ಗರಣಿ ಕೊಟ್ರ ರೊಟ್ಟಿ ಜೋಡಿ ಜುಣಕದಂಗ ತಿನ್ನಬಹುದು. ಬೆಲ್ಲ, ಯಾಲಕ್ಕಿ ಕೂಡಿಸಿ ಬಾಡಿಸಿದ್ರ ಕಡಬಿಗೆ ಹೂರಣ. ತಿಳಿನೀರು ಚಪಾತಿ ಹಿಟ್ಟು ನಾದಾಕ, ಇಲ್ಲಾ ಬ್ಯಾಳಿ ಸಾರಿಗೆ. ಸಾರಿಗೆ ಹಾಕಿದ್ರ ಹುಣಸಿಹುಳಿ ಸ್ವಲ್ಪ ಕಡಿಮಿ ಮಾಡ್ರಿ.

ಆ ಸೋಮವಾರ ಸಂಜಿಗೆ ಸೊಸಿ ಕೆಲಸದಿಂದ ಬಂದ್ಲು. ನಾ ಡಬ್ಬಿ ಹೊರಗ ತಗದಿಟ್ಟಿದ್ದೆ. ವಾಸನಿ ನೋಡಿದೆ, ಚೊಲೊ ಇತ್ತು. ಕೈಯಾಗ ಚೊಲೊ ಮಾಡಿ ತಿಕ್ಕಿ ನುಣ್ಣಗ ಮಾಡಿ, ಒಂದು ಹಿಡಿ ಜ್ವಾಳದ ಹಿಟ್ಟು, ಕಟ್ಟಾಕ ಒಂದು ಚಮಚ ಗೋದಿ ಹಿಟ್ಟು ಹಾಕಿ ಕಲಸಿದೆ. ಅಡಕಿಯಷ್ಟು ಉಂಡಿ ಕಟ್ಟಿದೆ. "ಏನ್ರಿ ಅತ್ತಿ ಇದು?" ಅಂತ ಬಂದು ನಿಂತ್ಲು.

"ಚಿಗವ್ವನ ಉಂಡಿ" ಅಂದೆ. ಸಣ್ಣ ಉರಿಮ್ಯಾಲ ಕರಿಯಾಕ ಅಕಿಗೆ ಕೊಟ್ಟೆ, ನಾ ಬೆಲ್ಲದ ಪಾಕ ಹಿಡದೆ. ಉಂಡಿ ಕೆಂಪಾಗೂ ಹೊತ್ತಿನ್ಯಾಗ 1988ರ ಕತಿ ಎಲ್ಲಾ ಹೇಳಿದೆ, ಬೋಗಾಣಿ ಯಾರು ತೊಳದಿದ್ರು ಅನ್ನೂದನ್ನೂ ಹೇಳಿದೆ. ಇದನ್ನ ನಾ ಇಲ್ಲಿತನಕ ಯಾರ ಮುಂದೂ ಹೇಳಿರಲಿಲ್ಲ, ನಮ್ಮ ಮನಿಯವರ ಮುಂದೂ. ಚಿಗವ್ವ ಇದ್ದಾಗ ಅವರಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅವರು ಹೋಗಿ ಇಪ್ಪತ್ತು ವರ್ಷದ ಮ್ಯಾಲಾತು.

"ಅವತ್ತು ಶುಕ್ರವಾರ ನಾ ಅಂದದ್ದು ತಪ್ಪವಾ" ಅಂದೆ. ಅಕಿ "ಇರಲಿ ಬಿಡ್ರಿ ಅತ್ತಿ" ಅಂದ್ಲು. ಆಮ್ಯಾಲ ಒಂದು ಉಂಡಿ ಬಾಯಿಗೆ ಹಾಕ್ಕೊಂಡು, "ಜ್ವಾಳದ ಹಿಟ್ಟು ಸ್ವಲ್ಪ ಹೆಚ್ಚಾಗೇತಿ ನೋಡ್ರಿ" ಅಂದ್ಲು. ಖರೇನ, ಹೆಚ್ಚಾಗಿತ್ತು. ಚಿಗವ್ವನ ಕೈ ಅಳತಿ ನಂಗ ಬಂದಿಲ್ಲ. ಪಾವ ಕಿಲೋ ಪನೀರಿಗೆ ಒಂದು ಹಿಡಿ ಅಲ್ಲ, ಅರ್ಧ ಹಿಡಿ ಸಾಕು. ನೀವು ಮಾಡಿದ್ರ ಹಂಗ ಮಾಡ್ರಿ.

ನಿಮ್ಮ ಮನ್ಯಾಗ ಹಾಲು ಒಡದ್ರ ಏನಂತಿದ್ರು, ಯಾರು ಏನು ಮಾಡ್ತಿದ್ರು ಅಂತ ಮನ್ಯಾಗಿನ ಹಿರೇರನ್ನ ಕೇಳ್ರಿ. ಕೇಳಿ ಒಂದು ಹಾಳಿ ಮ್ಯಾಲ ಬರದಿಡ್ರಿ, ಮಾಡಿದವರ ಹೆಸರು ಹಾಕಿ. ನಾ ನಮ್ಮ ಅಡಗಿ ವಹಿಯೊಳಗ ಚಿಗವ್ವನ ಹೆಸರು ಬರದೀನಿ.